ನಮ್ಮೂರ ಮೋಟಾರಿಗೆ ಹೊರಗಿನ ಮೆಕ್ಯಾನಿಕ್ಕು

ಅರಳಿಕಟ್ಟೆಯ ಮೇಲೆ ಕೂತ ಹುಡುಗರನ್ನು ಯಾರಾದರೂ ಸೋಮಾರಿಗಳು ಎಂದರೆ ನನಗೆ ಈಗಲೂ ಮೈ ಉರಿಯುತ್ತದೆ. ನಮ್ಮ ಪಂಚಾಯಿತಿ ಅಧ್ಯಕ್ಷರು ಈ ಮಾತನ್ನು ಹೆಚ್ಚುಕಮ್ಮಿ ಪ್ರತಿ ಸಭೆಯಲ್ಲೂ ಹೇಳುತ್ತಿದ್ದರು. "ಈಗಿನ ಹುಡುಗ್ರಿಗೆ ಕೆಲಸ ಬೇಡ ಕಣಮ್ಮ, ಮೊಬೈಲ್ ಇದ್ರೆ ಸಾಕು" ಎಂದು ಹೇಳಿ, ಬೋಂಡ ತಿಂದು, ಕಾಫಿ ಕುಡಿದು, ಟವೆಲ್ಲಿನಲ್ಲಿ ಬಾಯಿ ಒರೆಸಿಕೊಂಡು ಎದ್ದು ಹೋಗುತ್ತಿದ್ದರು. ಮಿಕ್ಕ ಮೆಂಬರುಗಳು ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು. ಆ ತಲೆಗಳಲ್ಲಿ ಅರ್ಧದಷ್ಟು ತಲೆಗಳ ಮಕ್ಕಳೂ ಅದೇ ಕಟ್ಟೆಯ ಮೇಲೆ ಕೂತಿರುತ್ತಿದ್ದರು.

ನಾನು ಶ್ರೀನಿವಾಸಪುರ ತಾಲ್ಲೂಕಿನವಳು, ಯಲ್ದೂರು ಕಡೆಯ ಹಳ್ಳಿ. ಮನೆಯಲ್ಲಿ ಒಂದಷ್ಟು ಮಾವಿನ ಮರ, ರಾಗಿ ಹೊಲ, ಎರಡು ಸೀಮೆಹಸು. ಓದಿದ್ದು ಎಸ್ಸೆಸ್ಸೆಲ್ಸಿ. ನಮ್ಮ ವಾರ್ಡು ಹೆಂಗಸರಿಗೆ ಮೀಸಲಾದಾಗ ಊರವರು ನನ್ನನ್ನು ನಿಲ್ಲಿಸಿದರು, ಗೆದ್ದೆ. ಮೊದಲ ಸಭೆಗೆ ಹೋದಾಗ ಆಫೀಸಿನ ಜವಾನ ನನ್ನ ಹಿಂದೆ ಬಗ್ಗಿ ನೋಡಿ, "ಯಜಮಾನ್ರು ಬರ್ಲಿಲ್ವಾ ಅಕ್ಕ?" ಎಂದು ಕೇಳಿದ. ನನ್ನ ಗಂಡನಿಗೆ ಹಸುಗಳ ಹತ್ತಿರ ಇದ್ದಷ್ಟು ನೆಮ್ಮದಿ ಮನುಷ್ಯರ ಹತ್ತಿರ ಇಲ್ಲ. ಹಾಗಾಗಿ ನನ್ನ ಕುರ್ಚಿಯಲ್ಲಿ ನಾನೇ ಕೂತೆ.

ಕೋಪದ ಕಥೆ ಶುರುವಾಗುವುದು ನನ್ನ ಅಕ್ಕನ ಮಗಳಿಂದ. ಅಕ್ಕನನ್ನು ಕೊಟ್ಟಿದ್ದು ನಮ್ಮೂರಿಗೇ, ಹಿಂದಿನ ಬೀದಿಗೆ. ಅವಳ ಮಗಳು ಚಿಕ್ಕಂದಿನಿಂದ ಸ್ವಿಚ್ಚು, ವೈರು, ಟಾರ್ಚು ಬಿಚ್ಚಿ ಕೂರುವ ಹುಡುಗಿ. ಹತ್ತನೇ ಕ್ಲಾಸಾದ ಮೇಲೆ ಕೋಲಾರದಲ್ಲಿ ಐಟಿಐ ಸೇರುತ್ತೇನೆ, ಎಲೆಕ್ಟ್ರಿಷಿಯನ್ ಓದುತ್ತೇನೆ ಎಂದಳು. ಹೆಣ್ಣುಮಗಳು ಕಂಬ ಹತ್ತುತ್ತಾಳಾ ಎಂದು ಊರು ನಕ್ಕಿತು. ಅಕ್ಕ ಹೆದರಿದಳು. ನಾನು, ಭಾವ ಇಬ್ಬರೂ ಸೇರಿ ಒಪ್ಪಿಸಿದೆವು. ಬೆಳಗಿನ ಬಸ್ಸಿಗೆ ನಿಂತುಕೊಂಡೇ ಹೋಗಿ, ಸಾಯಂಕಾಲದ ಬಸ್ಸಿಗೆ ನಿಂತುಕೊಂಡೇ ಬಂದು ಓದು ಮುಗಿಸಿದಳು. ಒಳ್ಳೆಯ ಮಾರ್ಕ್ಸ್ ಬಂತು.

ಆಮೇಲೆ ಮಾಲೂರಿನ ಕಾರ್ಖಾನೆಯೊಂದರಲ್ಲಿ ಕೆಲಸ ಎಂದು ಏಜೆನ್ಸಿಯವನೊಬ್ಬ ಕರೆದುಕೊಂಡು ಹೋದ. ಎಲೆಕ್ಟ್ರಿಷಿಯನ್ ಓದಿದ ಹುಡುಗಿಯನ್ನು ಡಬ್ಬಕ್ಕೆ ಟೇಪು ಅಂಟಿಸಲು ನಿಲ್ಲಿಸಿದರು. ಮೊದಲು ಕಲಿಯಲಿ, ಆಮೇಲೆ ಮೆಂಟೆನೆನ್ಸ್‌ಗೆ ಹಾಕುತ್ತೇವೆ ಎಂದರಂತೆ. ಒಂದು ರೂಮಿನಲ್ಲಿ ಆರೇಳು ಹುಡುಗಿಯರು ಸೇರಿ ಮಲಗಿ, ಸಾಂಬಾರು ಎನ್ನುವ ಬಣ್ಣದ ನೀರು ಉಂಡುಕೊಂಡು ಅವಳು ಟೇಪು ಅಂಟಿಸಿದಳು. ಪರ್ಮನೆಂಟ್ ಮಾಡಬೇಕಾಗುತ್ತದೆ ಅನ್ನುವ ಹೊತ್ತಿಗೆ ಸರಿಯಾಗಿ, ನಾಳೆಯಿಂದ ಬರಬೇಡಿ ಎಂದು ಅವಳ ಜೊತೆ ಸೇರಿದವರನ್ನೆಲ್ಲ ಗೇಟಿನ ಹೊರಗೆ ಬಿಟ್ಟರು. ಏಜೆನ್ಸಿಯವನು ಹೊಸ ಹುಡುಗಿಯರನ್ನು ಅದೇ ಗೇಟಿನಲ್ಲಿ ಒಳಗೆ ಬಿಡುತ್ತಿದ್ದ. ಬ್ಯಾಗು ಹೊತ್ತುಕೊಂಡು ಬಂದವಳು ನಮ್ಮ ಮನೆ ಜಗುಲಿಯಲ್ಲಿ ಕೂತು, "ಟೇಪ್ ಹಚ್ಚೋದ್ ಚೆನ್ನಾಗಿ ಕಲ್ತೆ ಚಿಕ್ಕಮ್ಮ" ಎಂದಳು. ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ.

ಅದೇ ವರ್ಷ ಕೋಲಾರದಲ್ಲಿ ಉದ್ಯೋಗ ಮೇಳ ನಡೆಯಿತು. ನಮ್ಮ ಪಂಚಾಯಿತಿಗೂ ಸೂಚನೆ ಬಂತು, ಯುವಕ ಯುವತಿಯರನ್ನು ಕಳಿಸಿ ಎಂದು. ನಮ್ಮ ಪಂಚಾಯಿತಿ ಮಾಡಿದ್ದು ಇಷ್ಟೇ: ಒಂದು ಫ್ಲೆಕ್ಸ್ ಹೊಡೆಸಿತು. ಅದರಲ್ಲಿ ಅಧ್ಯಕ್ಷರ ಮುಖ ದೊಡ್ಡದು, ಉದ್ಯೋಗ ಎನ್ನುವ ಪದ ಸಣ್ಣದು. ನಾನೇ ಟೆಂಪೋ ಮಾತಾಡಿ ಊರಿನ ಹುಡುಗ ಹುಡುಗಿಯರನ್ನು ಕರೆದುಕೊಂಡು ಹೋದೆ. ಬಿಎ ಆದವರು, ಬಿಕಾಂ ಆದವರು, ಐಟಿಐ ಆದವರು, ಪಿಯುಸಿ ದಾಟದವರು, ಎಲ್ಲರೂ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡಿದ್ದರು. ಒಬ್ಬ ಹುಡುಗ ಅಣ್ಣನ ಶೂ ಹಾಕಿಕೊಂಡು ಬಂದಿದ್ದ, ಕಾಲಿಗೆ ದೊಡ್ಡದಾಗಿ ಟಪಟಪ ಎನ್ನುತ್ತಿತ್ತು.

ಶಾಮಿಯಾನದ ಕೆಳಗೆ ವೇದಿಕೆಯವರು ಕೂತರು. ಹೊರಗೆ ಬಿಸಿಲಲ್ಲಿ ಕೆಲಸ ಬೇಕಾದವರು ನಿಂತರು. ಹಾರ, ಶಾಲು, ಭಾಷಣ ಮುಗಿಯುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಟೇಬಲ್ಲಿನ ಹಿಂದೆ ಕೂತಿದ್ದ ಒಬ್ಬಾತ ನನ್ನ ಅಕ್ಕನ ಮಗಳ ಸರ್ಟಿಫಿಕೇಟು ನೋಡಲೇ ಇಲ್ಲ. "ಮದುವೆ ಆಗಿದ್ಯಾ? ಆಗೋ ಪ್ಲಾನ್ ಇದ್ಯಾ?" ಎಂದು ಕೇಳಿದ. ಅವಳು, "ಮೋಟಾರ್ ವೈಂಡಿಂಗ್ ಬರುತ್ತೆ ಸಾರ್, ಪ್ಯಾನಲ್ ಬೋರ್ಡ್ ಬರುತ್ತೆ" ಎಂದಳು. ಅವನು ಫೋನ್ ನಂಬರು ಬರೆದುಕೊಂಡು, ಹೇಳ್ತೀವಿ ಎಂದ. ಹೇಳಿದರು ಕೂಡ. ಕೆಲವು ದಿನಗಳ ನಂತರ ನಮ್ಮ ಹುಡುಗರಿಗೆಲ್ಲ ಫೋನ್ ಬರತೊಡಗಿತು, ದುಡ್ಡು ಕಟ್ಟಿ ಟ್ರೈನಿಂಗ್ ತಗೊಳ್ಳಿ, ಇನ್ಶೂರೆನ್ಸ್ ಪಾಲಿಸಿ ಮಾಡಿಸಿ ಎಂದು. ಕೆಲಸಕ್ಕೆಂದು ಕೊಟ್ಟ ನಂಬರುಗಳನ್ನು ಯಾರೋ ಸಂತೆಯಲ್ಲಿ ಸೌತೆಕಾಯಿ ಮಾರಿದ ಹಾಗೆ ಮಾರಿದ್ದರು. ಮೇಳದ ಮರುದಿನವೇ ಪೇಪರಿನಲ್ಲಿ ಅದು ಯಶಸ್ವಿ ಎಂದು ಬಂದಿತ್ತು.

ಆ ಬೇಸಿಗೆಯಲ್ಲೇ ನಮ್ಮೂರಿನ ನೀರಿನ ಘಟಕ ಕೆಟ್ಟಿತು. ಕಾಯಿನ್ ಹಾಕಿ ಕ್ಯಾನಿಗೆ ನೀರು ಹಿಡಿಯುವ ಘಟಕ. ನಮ್ಮ ಕಡೆ ಬೋರ್‌ವೆಲ್ ನೀರು ಕುಡಿದರೆ ಹಲ್ಲು ಕಂದು, ಮಂಡಿ ನೋವು. ಹಾಗಾಗಿ ಅದು ಕೆಟ್ಟರೆ ಊರೆಲ್ಲ ಕ್ಯಾನು ಕಟ್ಟಿಕೊಂಡು ಪಕ್ಕದ ಊರಿಗೆ ಹೋಗಬೇಕು. ನಾನು ಪಿಡಿಒ ಅವರಿಗೆ ಫೋನ್ ಮಾಡಿದೆ. ಪಂಚಾಯಿತಿಯ ಕಾರ್ಯದರ್ಶಿ ಕೆಲಸ, ಲೆಕ್ಕ, ಕಾನೂನು ಎಲ್ಲ ನೋಡಿಕೊಳ್ಳುವ ಅಧಿಕಾರಿ ಅವರು. ಮೆತ್ತಗಿನ ಮನುಷ್ಯ, ವರ್ಗಾವಣೆಗೆ ಹೆದರಿ ಹೆದರಿ ಭುಜವೇ ಬಗ್ಗಿಹೋಗಿತ್ತು. "ಘಟಕ ನೋಡ್ಕೊಳ್ಳೋ ಏಜೆನ್ಸಿಗೆ ಹೇಳಿದೀನಿ ಮೇಡಂ, ಅವರ ಮೆಕ್ಯಾನಿಕ್ ಬೇರೆ ಜಿಲ್ಲೆಯಿಂದ ಬರ್ಬೇಕು" ಎಂದರು. ಮೆಕ್ಯಾನಿಕ್ ಬರಲಿಲ್ಲ. ನೀರೂ ಬರಲಿಲ್ಲ. ನನ್ನ ಅಕ್ಕನ ಮಗಳು ಬೀಗ ಹಾಕಿದ ಘಟಕದ ಮುಂದೆ ಹಾದು ಪಕ್ಕದ ಊರಿಗೆ ಕ್ಯಾನು ಹೊತ್ತಳು. ಅರಳಿಕಟ್ಟೆಯ ಹುಡುಗರು ಬೈಕಿನಲ್ಲಿ ಎರಡೆರಡು ಕ್ಯಾನು ತಂದರು. ಬೀದಿದೀಪ ಕೆಟ್ಟರೂ ಇದೇ ಕಥೆ. ಬೋರ್‌ವೆಲ್ಲಿನ ಮೋಟಾರು ಸುಟ್ಟರೆ ಎತ್ತುವುದಕ್ಕೂ ಹೊರಗಿನ ಗಾಡಿ, ಹೊರಗಿನ ಜನ.

ಒಂದು ದಿನ ಕ್ಯಾನು ಇಳಿಸಿಕೊಳ್ಳುತ್ತಾ ನನಗೆ ಥಟ್ಟನೆ ಹೊಳೆಯಿತು. ಹೊಳೆದದ್ದಲ್ಲ, ಕಣ್ಣ ಮುಂದೆಯೇ ಇತ್ತು. ಮಾಲೂರಿನ ಗೇಟು, ಕೋಲಾರದ ಮೇಳ ಎಂದು ಕೆಲಸ ಹುಡುಕಿಕೊಂಡು ನಾವು ಊರೂರು ಅಲೆಯುತ್ತಿದ್ದೇವೆ. ಪಂಚಾಯಿತಿ ತನ್ನ ಮನೆಯ ಕೆಲಸವನ್ನೇ ಹೊರಗಿನವರಿಗೆ ಕೊಟ್ಟು, ಮನೆ ಮಕ್ಕಳನ್ನು ಕಟ್ಟೆ ಮೇಲೆ ಕೂರಿಸಿ, ಸೋಮಾರಿಗಳು ಎಂದು ಬೈಯುತ್ತಿದೆ.

ಮುಂದಿನ ಸಭೆಯಲ್ಲಿ ಇದನ್ನೇ ಹೇಳಿದೆ. ಬೀದಿದೀಪ, ನೀರಿನ ಘಟಕ, ಮೋಟಾರು, ಈ ಮೂರು ಕೆಲಸ ನಮ್ಮ ಪಂಚಾಯಿತಿ ವ್ಯಾಪ್ತಿಯ ಹುಡುಗ ಹುಡುಗಿಯರಿಗೆ ಕೊಡಿ. ಬಾರದಿದ್ದರೆ ಕಲಿಸಿ, ಕಲಿಸಿ ಕೊಡಿ.

ಅಧ್ಯಕ್ಷರು ಮಗು ಏನೋ ತೊದಲಿದ ಹಾಗೆ ನೋಡಿ, "ಊರುಕೋಮ್ಮಾ" ಎಂದರು. ಸುಮ್ಮನಿರಮ್ಮ ಎನ್ನಬೇಕಾದಾಗ ಅವರಿಗೆ ತೆಲುಗು ಬರುತ್ತದೆ. "ಪಂಚಾಯ್ತಿ ಅಂದ್ರೆ ಚರಂಡಿ, ರಸ್ತೆ, ನೀರು. ಕೆಲಸ ಕೊಡ್ಸೋದೆಲ್ಲ ನಮ್ ಕೈಲಿಲ್ಲ. ಸರ್ಕಾರದ್ದು ಅದು."

"ಚರಂಡಿ ಕೆಲಸ ಅಲ್ವಾ ಅಣ್ಣ? ನೀರು ಕೆಲಸ ಅಲ್ವಾ? ಅದನ್ನ ಯಾರೋ ಮಾಡ್ತಾನೇ ಇದಾರಲ್ಲ" ಎಂದೆ.

"ಕರೆಂಟಿನ ಕೆಲಸ. ಯಾವನಿಗಾದ್ರೂ ಏನಾದ್ರೂ ಆದ್ರೆ ನೀನ್ ಜೈಲಿಗೆ ಹೋಗ್ತೀಯಾ?"

"ಬೇರೆ ಜಿಲ್ಲೆಯವ್ನಿಗೆ ಶಾಕ್ ಹೊಡಿಯಲ್ವಾ?"

ಒಬ್ಬಿಬ್ಬರು ನಕ್ಕರು. ಅಧ್ಯಕ್ಷರು ನಗಲಿಲ್ಲ. ಮುಂದಿನ ವಿಷಯಕ್ಕೆ ಹೋಗೋಣ ಎಂದರು. ಘಟಕದ ಏಜೆನ್ಸಿಯವನು ಅಧ್ಯಕ್ಷರ ಷಡ್ಡಕನ ಸ್ನೇಹಿತ ಎಂಬುದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಸಭೆ ಮುಗಿದ ಮೇಲೆ ನಾನು ಪಿಡಿಒ ಅವರ ಟೇಬಲ್ಲಿನ ಎದುರು ನಿಂತೆ. ಕಾನೂನಿನಲ್ಲಿ ಆಗುತ್ತದೋ ಇಲ್ಲವೋ ಅಷ್ಟು ಹೇಳಿ ಎಂದೆ. ಅವರು ಬಾಗಿಲ ಕಡೆ ನೋಡಿದರು, ದನಿ ತಗ್ಗಿಸಿದರು. "ಗ್ರಾಮಸಭೆ ಒಪ್ಪಿದ್ರೆ ಮಾಡ್ಬಹುದು ಮೇಡಂ. ಲೈಸೆನ್ಸ್ ಇರೋರು ಒಬ್ರು ಜವಾಬ್ದಾರಿ ತಗೊಂಡು, ಅವ್ರ ಕೈಕೆಳಗೆ ನಮ್ಮೂರೋರು ಕೆಲಸ ಮಾಡ್ಬಹುದು."

"ಮತ್ತೆ ಯಾಕೆ ಇಷ್ಟ್ ದಿನ ಮಾಡ್ಲಿಲ್ಲ?"

"ಯಾರೂ ಕೇಳಿರ್ಲಿಲ್ಲ" ಎಂದರು.

ಯಾರೂ ಕೇಳಿರಲಿಲ್ಲ. ಅಂದು ಮನೆಗೆ ನಡೆದುಕೊಂಡು ಬರುವಾಗ ದಾರಿಯುದ್ದಕ್ಕೂ ಆ ಮಾತು ನನ್ನ ಕಿವಿಯಲ್ಲಿ ಕುದಿಯಿತು. ಅನ್ನ ಬಚ್ಚಿಟ್ಟು, ಹಸಿದವರು ಕೇಳಲಿಲ್ಲವಲ್ಲ ಎಂದರೆ ಹೇಗಿರುತ್ತದೆ, ಹಾಗಿತ್ತು. ಅವರು ಕೆಟ್ಟವರಲ್ಲ. ಆದರೆ ಆ ದಿನ ಅಧ್ಯಕ್ಷರಿಗಿಂತ ಅವರ ಮೇಲೇ ನನಗೆ ಹೆಚ್ಚು ಸಿಟ್ಟು ಬಂದಿತ್ತು.

ಲೈಸೆನ್ಸ್ ಇರುವವರನ್ನು ಹುಡುಕಿಕೊಂಡು ಶ್ರೀನಿವಾಸಪುರಕ್ಕೆ ಹೋದೆ. ಬಸ್ ಸ್ಟ್ಯಾಂಡಿನಿಂದ ಮಾವಿನ ಮಂಡಿ ಕಡೆ ಹೋಗುವ ರಸ್ತೆಯಲ್ಲಿ ಮೋಟಾರ್ ರಿಪೇರಿ ಅಂಗಡಿ ಇಟ್ಟುಕೊಂಡ ಹಿರಿಯರೊಬ್ಬರಿದ್ದಾರೆ, ಮುಸ್ಲಿಮರು. ನಮ್ಮ ತೋಟದ ಮೋಟಾರು ಸುಟ್ಟಾಗಲೆಲ್ಲ ಅವರ ಹತ್ತಿರವೇ ಒಯ್ಯುವುದು. ನನ್ನ ಮಾತೆಲ್ಲ ಕೇಳಿಸಿಕೊಂಡು, "ನಕ್ಕೋ ಆಪಾ, ಪಂಚಾಯ್ತಿ ಸಹವಾಸ ನಕ್ಕೋ" ಎಂದು ಕೈ ಮುಗಿದರು. ಯಾಕೆ ಬೇಡ ಎಂದು ಕೇಳಿದೆ. "ಹಿಂದೆ ಒಂದ್ಸಲ ಟ್ರೈನಿಂಗ್ ಅಂತ ಹುಡುಗರನ್ನ ಕಳ್ಸಿದ್ರು. ಕಲಿಸ್ದೆ. ಫೋಟೋ ತೆಗೆದ್ರು, ಸರ್ಟಿಫಿಕೇಟ್ ಕೊಟ್ರು. ಆಮೇಲೆ ಆ ಹುಡುಗರು ಏನ್ ಮಾಡ್ತಾ ಇದಾರೆ ಗೊತ್ತಾ? ಮಂಡೀಲಿ ಮಾವಿನಕಾಯಿ ಕ್ರೇಟ್ ಎತ್ತಾ ಇದಾರೆ, ಅದೂ ಸೀಸನ್ನಲ್ಲಿ ಮಾತ್ರ. ಮುಂದೆ ಕೆಲಸ ಇದೆ ಅಂತ ಬರೆದು ಕೊಡ್ಲಿ ನಿಮ್ ಪಂಚಾಯ್ತಿ. ಇಲ್ದಿದ್ರೆ ಮಕ್ಕಳಿಗೆ ಆಸೆ ತೋರ್ಸೋ ಪಾಪ ನಂಗೆ ಬೇಡ."

ಅವರಿಗೂ ನನ್ನಷ್ಟೇ ಸಿಟ್ಟಿತ್ತು. ಅದನ್ನು ನೋಡಿ ನನಗೆ ಒಂದು ಥರಾ ಸಮಾಧಾನವಾಯಿತು. ಬರೆಸಿಕೊಂಡು ಬರುತ್ತೇನೆ ಎಂದು ಮಾತು ಕೊಟ್ಟು ಬಂದೆ.

ಗ್ರಾಮಸಭೆ ಶಾಲೆಯ ಅಂಗಳದಲ್ಲಿ ಸೇರಿತು. ಸಾಮಾನ್ಯವಾಗಿ ಮನೆ ಬೇಕಾದವರು, ಪಿಂಚಣಿ ನಿಂತುಹೋದವರು ಬರುತ್ತಾರೆ, ಮಿಕ್ಕವರು ಸಹಿ ಹಾಕಿ ಹೋಗುತ್ತಾರೆ. ಈ ಸಲ ನಾನು ಮನೆಮನೆಗೆ ಹೋಗಿ ಕರೆದಿದ್ದೆ. ಕಟ್ಟೆಯ ಹುಡುಗರೂ ಬಂದು ಕಾಂಪೌಂಡಿನ ಮೇಲೆ ಸಾಲಾಗಿ ಕೂತಿದ್ದರು. ನಾನು ಎದ್ದು ವಿಷಯ ಹೇಳಿದೆ. ಜನ ಕೇಳುತ್ತಿದ್ದರು. ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಹಿಂದಿನಿಂದ ಒಬ್ಬ ಹಿರಿಯರು ಎದ್ದು ನಿಂತರು. ನಮ್ಮ ಬಳಗದವರೇ, ನನಗೆ ಮಾವನಾಗಬೇಕು.

"ಎಲ್ಲಾ ಸರಿಯಮ್ಮ. ನಿನ್ನ ಅಕ್ಕನ ಮಗಳು ಕರೆಂಟಿನ ಕೆಲ್ಸ ಓದವ್ಳೆ. ಕೆಲ್ಸ ಇಲ್ದೆ ಮನೇಲವ್ಳೆ. ಅವಳಿಗೋಸ್ಕರ ತಾನೇ ಇದೆಲ್ಲ?"

ಅಂಗಳ ಗೊಳ್ಳೆಂದಿತು. ಅಧ್ಯಕ್ಷರು ಈ ಪ್ರಶ್ನೆಗಾಗಿಯೇ ಕಾದಿದ್ದವರಂತೆ ಕುರ್ಚಿಗೆ ಒರಗಿದರು. ಪಿಡಿಒ ಅವರನ್ನು ನೋಡಿ, "ಮೆಂಬರ್ ಸಂಬಂಧಿಕರಿಗೆ ಪಂಚಾಯ್ತಿ ಕೆಲಸ ಕೊಡ್ಬಹುದೇನ್ರೀ?" ಎಂದರು. ಕೊಡುವ ಹಾಗಿಲ್ಲ, ಕೊಟ್ಟರೆ ಮೇಡಂ ಅವರ ಸದಸ್ಯತ್ವಕ್ಕೇ ತೊಂದರೆ ಎಂದು ಪಿಡಿಒ ನೆಲ ನೋಡುತ್ತಾ ಹೇಳಿದರು. ಷಡ್ಡಕನ ಸ್ನೇಹಿತರನ್ನು ಕಾನೂನು ಸಂಬಂಧಿಕರೆಂದು ಎಣಿಸುವುದಿಲ್ಲ.

ಅದು ಸುಳ್ಳು ಆರೋಪವಾಗಿದ್ದರೆ ಕಿರುಚಬಹುದಿತ್ತು. ಆದರೆ ಅವಳನ್ನು ನೋಡಿಯೇ ನನಗೆ ಈ ಯೋಚನೆ ಬಂದದ್ದು ನಿಜ. ಮನೆಯ ಮಗಳ ನೋವನ್ನು ನೋಡಿ ಊರಿನ ನೋವು ಅರ್ಥವಾಗುವುದು ತಪ್ಪೇ?

ಆಗ ಹೆಂಗಸರ ನಡುವಿನಿಂದ ಅವಳೇ ಎದ್ದಳು. "ನನ್ನನ್ನ ಬಿಟ್ಬಿಡಿ" ಎಂದಳು. ದನಿ ಗಟ್ಟಿಯಾಗಿತ್ತು. "ನನಗೆ ಬೇಡ ಆ ಕೆಲಸ, ಬರ್ಕೊಳ್ಳಿ. ಇವ್ರಿಗೆ ಕೊಡಿ." ಕಾಂಪೌಂಡಿನ ಮೇಲೆ ಕೂತವರ ಕಡೆ ಕೈ ತೋರಿಸಿದಳು. "ಇವ್ರಲ್ಲಿ ಮೆಂಬರ್ ಸಂಬಂಧಿಕರಲ್ಲದೋರು ಬೇಕಾದಷ್ಟ್ ಜನ ಇದಾರೆ. ಈಗ ಏನ್ ತೊಂದ್ರೆ ಹೇಳಿ."

ಎದ್ದಿದ್ದ ಹಿರಿಯರು ಮೆಲ್ಲಗೆ ಕೂತರು. ಕಾಂಪೌಂಡಿನ ಹುಡುಗರು ಒಬ್ಬೊಬ್ಬರಾಗಿ ಕೆಳಗೆ ಇಳಿದು ಮುಂದೆ ಬಂದು ನಿಂತರು. ಅವರ ತಾಯಂದಿರು ಮಾತಾಡತೊಡಗಿದರು. ಒಬ್ಬಳು, ನನ್ನ ಮಗನಿಗೆ ವೋಟಿನ ಟೈಮಲ್ಲಿ ಬಾವುಟ ಕಟ್ಟೋಕೆ ಬರುತ್ತೆ, ಬಲ್ಬ್ ಕಟ್ಟೋಕೆ ಬರಲ್ವಾ ಎಂದು ಅಧ್ಯಕ್ಷರನ್ನೇ ಕೇಳಿದಳು. ಸಭೆ ಒಪ್ಪಿತು. ಅಧ್ಯಕ್ಷರು ಸಹಿ ಹಾಕಲೇಬೇಕಾಯಿತು.

ಹಾಕಿದ ಮೇಲೂ ತಿಂಗಳುಗಟ್ಟಲೆ ಎಳೆದರು. ಏಜೆನ್ಸಿಯ ಅವಧಿ ಮುಗಿಯಲಿ ಎಂದರು, ಮೇಲಿನವರ ಒಪ್ಪಿಗೆ ಬರಲಿ ಎಂದರು. ನಾನು ಪ್ರತಿ ಸಭೆಯಲ್ಲೂ ಮೊದಲು ಅದನ್ನೇ ಎತ್ತಿದೆ, ಅದು ಮುಗಿಯುವ ತನಕ ಕಾಫಿ ಮುಟ್ಟಲಿಲ್ಲ, ಬೇರೆ ಯಾವ ವಿಷಯಕ್ಕೂ ಕೈ ಎತ್ತಲಿಲ್ಲ. ನನ್ನನ್ನು ಜಗಳಗಂಟಿ ಎಂದು ಕರೆದರು. ಕೊನೆಗೆ ಮೂರು ಜನರನ್ನು ತೆಗೆದುಕೊಂಡರು: ಅಣ್ಣನ ಶೂ ಹಾಕಿಕೊಂಡು ಮೇಳಕ್ಕೆ ಬಂದ ಹುಡುಗ, ಮಸೀದಿ ಬೀದಿಯ ಡಿಪ್ಲೊಮಾ ಅರ್ಧಕ್ಕೆ ಬಿಟ್ಟ ಹುಡುಗ, ಊರಿಗೆ ಸೊಸೆಯಾಗಿ ಬಂದ, ಚಿಕ್ಕ ಮಗುವಿರುವ ಒಬ್ಬ ಹೆಣ್ಣುಮಗಳು. ಶ್ರೀನಿವಾಸಪುರದ ಮೋಟಾರ್ ಅಂಗಡಿಯವರು ಪಂಚಾಯಿತಿ ಬರೆದುಕೊಟ್ಟದ್ದನ್ನು ಎರಡು ಸಲ ಓದಿಸಿಕೊಂಡು, ಆಮೇಲೆ ಒಪ್ಪಿದರು. ಆ ಹೆಣ್ಣುಮಗಳು ನೀರಿನ ಘಟಕ ನೋಡಿಕೊಳ್ಳುತ್ತಾಳೆ. ಮೊದಮೊದಲು ತಪ್ಪು ಮಾಡಿದರು, ಒಂದು ಸ್ಟಾರ್ಟರ್ ಸುಟ್ಟರು, ಅಧ್ಯಕ್ಷರು ಅದನ್ನು ಊರೆಲ್ಲ ಹೇಳಿಕೊಂಡು ಬಂದರು. ಈಗ ಘಟಕ ಕೆಟ್ಟರೆ ಸಾಯಂಕಾಲದೊಳಗೆ ನೀರು ಬರುತ್ತದೆ.

ನನ್ನ ಅಕ್ಕ ನನ್ನ ಜೊತೆ ಮಾತು ಬಿಟ್ಟಳು. ಬಿಡುವ ಮುಂಚೆ ನಮ್ಮ ಬಾಗಿಲಲ್ಲಿ ನಿಂತು ಹೇಳಿದಳು: "ಊರೋರ ಮಕ್ಕಳಿಗೆಲ್ಲ ದಾರಿ ಮಾಡ್ದೆ. ನನ್ನ ಮಗಳ್ನ ಸಭೇಲಿ ನಿಲ್ಸಿ ಬೇಡ ಅನ್ಸಿದೆ. ನೀನ್ ಮೆಂಬರ್ ಆಗ್ದೆ ಇದ್ದಿದ್ರೆ ಮೊದಲನೇ ಕೆಲಸ ಅವಳಿಗೇ ಸಿಗ್ತಿತ್ತು ಕಣೇ." ಅವಳು ಹೇಳಿದ್ದು ನಿಜ. ಆ ಸಿಟ್ಟಿಗೆ ಮಾತ್ರ ನನಗೆ ಎದುರು ಸಿಟ್ಟು ಮಾಡಲಾಗಲಿಲ್ಲ.

ಹುಡುಗಿ ತಾನೇ ಓಡಾಡಿ ಮುಳಬಾಗಿಲಿನಲ್ಲಿ ಪಂಪ್‌ಸೆಟ್ ಅಂಗಡಿಯೊಂದರಲ್ಲಿ ಕೆಲಸ ಹುಡುಕಿಕೊಂಡಳು. ಪ್ಯಾನಲ್ ಬೋರ್ಡ್ ಕಟ್ಟುವ ಕೆಲಸ. ಟೇಪು ಅಂಟಿಸುವುದಲ್ಲ.

ಮೊನ್ನೆ ಶ್ರೀನಿವಾಸಪುರದಲ್ಲಿ ತಾಲ್ಲೂಕಿನ ಎಲ್ಲ ಪಂಚಾಯಿತಿಗಳವರನ್ನು ಕರೆದು ಒಂದು ಸಭೆ ಮಾಡಿದರು. ಯುವಜನರಿಗೆ ಕೆಲಸ ಕೊಟ್ಟ ಮಾದರಿ ಪಂಚಾಯಿತಿ ಎಂದು ನಮ್ಮ ಅಧ್ಯಕ್ಷರಿಗೆ ಶಾಲು ಹೊದಿಸಿದರು. ಅವರು, ಇದು ನನ್ನ ಬಹುದಿನದ ಕನಸು ಎಂದರು. ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೆ. ಕೊನೆಯಲ್ಲಿ ನನಗೂ ಎರಡು ಮಾತಾಡಿ ಎಂದು ಮೈಕು ಕೊಟ್ಟರು.

ನಾನು ಭಾಷಣ ಮಾಡಲಿಲ್ಲ. ಕೂತವರನ್ನು ಕೇಳಿದೆ: "ನಿಮ್ಮೂರಿನ ಮೋಟಾರ್ ಯಾರು ರಿಪೇರಿ ಮಾಡ್ತಾರೆ? ಬೀದಿದೀಪ ಯಾರು ನೋಡ್ಕೋತಾರೆ? ಅವ್ರು ಎಲ್ಲಿಯವ್ರು? ನಿಮ್ಮೂರಲ್ಲಿ ಆ ಕೆಲಸ ಓದಿ ಸುಮ್ನೆ ಕೂತಿರೋ ಮಕ್ಕಳು ಎಷ್ಟ್ ಜನ? ಗೊತ್ತಿದ್ರೆ ಕೈ ಎತ್ತಿ." ಒಂದೇ ಒಂದು ಕೈ ಏಳಲಿಲ್ಲ. "ಗೊತ್ತಿಲ್ದೆ ಇದ್ರೆ ಅವರನ್ನ ಸೋಮಾರಿಗಳು ಅನ್ಬೇಡಿ" ಎಂದು ಮೈಕು ಕೊಟ್ಟು ಕೂತೆ. ಗೌನಿಪಲ್ಲಿ ಕಡೆಯ ಮೆಂಬರೊಬ್ಬಳು ಹತ್ತಿರ ಬಂದು ತೆಲುಗಿನಲ್ಲಿ, ನಮ್ಮೂರಿಗೂ ಬಂದು ಇದನ್ನೇ ಕೇಳ್ತೀಯಾ ಅಕ್ಕ ಎಂದಳು. ಬರುತ್ತೇನೆ ಎಂದೆ.

ಹೊರಗೆ ಅಧ್ಯಕ್ಷರು ಕಾರಿನ ಬಾಗಿಲು ತೆಗೆದು, "ಬಾಮ್ಮ, ಊರಿಗೆ ತಾನೇ. ಚೆನ್ನಾಗೇ ಮಾತಾಡ್ದೆ. ಆದ್ರೆ ಅಷ್ಟ್ ಸಿಟ್ಟು ಬೇಕಿತ್ತಾ?" ಎಂದರು. ಶಾಲು ಇನ್ನೂ ಅವರ ಹೆಗಲ ಮೇಲಿತ್ತು. ಬಸ್ಸಿಗೆ ಬರ್ತೀನಿ ಅಣ್ಣ ಎಂದು ನಾನು ಬಸ್ ಸ್ಟ್ಯಾಂಡಿಗೆ ನಡೆದೆ.

ಮುಳಬಾಗಿಲಿನ ಬಸ್ಸು ಬಂದು ನಿಂತಿತು. ಅಕ್ಕನ ಮಗಳು ಇಳಿದಳು, ಊರಿನ ಬಸ್ಸಿಗೆ ಇಬ್ಬರೂ ಕಾದೆವು. ಅವಳ ಕೈಯಲ್ಲಿ ಗ್ರೀಸಿನ ಕಲೆ ಇತ್ತು. ಕೆಲಸ ಹೇಗಿದೆ ಎಂದು ಕೇಳಿದೆ.

"ಕೆಲಸ ಚೆನ್ನಾಗಿದೆ ಚಿಕ್ಕಮ್ಮ. ಆದ್ರೆ ನನ್ನ ಜೊತೆ ಸೇರಿದ ಹುಡುಗನ್ಗೆ ಸಂಬಳ ಜಾಸ್ತಿ. ಅದೇ ಬೋರ್ಡು, ಅದೇ ಕೆಲಸ."

ನನಗೆ ಮತ್ತೆ ಸಿಟ್ಟು ನೆತ್ತಿಗೇರಿತು. "ನಾಳೆ ನಾನ್ ಬರ್ತೀನಿ ಮುಳಬಾಗಿಲಿಗೆ. ಓನರ್ ಹತ್ರ ನಾನ್ ಮಾತಾಡ್ತೀನಿ" ಎಂದೆ.

ಅವಳು ಬ್ಯಾಗನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದಳು.

"ಬೇಡ ಚಿಕ್ಕಮ್ಮ" ಎಂದಳು. "ನಾನೇ ಕೇಳ್ತೀನಿ."